ನಿಮಗಿದು ಗೊತ್ತೇ? ದಾಸವಾಳ ಕಾಯುವುದಿಲ್ಲ!

ಹೂದಾನಿಯನ್ನೋ ಹಣ್ಣಿನ ಬುಟ್ಟಿಯನ್ನೋ ಎದುರಿಗಿಟ್ಟುಕೊಂಡು ಬಿಡಿಸುವ ಚಿತ್ರಕ್ಕೆ ಡಚ್ಚರು ‘ಸ್ಟಿಲ್‌ಲೇವನ್’ ಎಂದರು. ಅಲುಗಾಡದ ಬದುಕು ಎಂದು ಅರ್ಥ. ಇಂಗ್ಲಿಷಿನ ‘ಸ್ಟಿಲ್ ಲೈಫ್’ ಬಂದದ್ದು ಅಲ್ಲಿಂದಲೇ. ಫ್ರೆಂಚರ ಬಾಯಲ್ಲಿ ಅದೇ ಚಿತ್ರ ‘ನಾತ್ಯೂರ್ ಮೋರ್ತ್’, ಅಂದರೆ ಸತ್ತ ಪ್ರಕೃತಿ. ಇವರಲ್ಲಿ ಒಬ್ಬರೂ ದಾಸವಾಳ ಬಿಡಿಸಿ ನೋಡಿ ಹೆಸರಿಟ್ಟಂತೆ ಕಾಣುವುದಿಲ್ಲ. ದಾಸವಾಳ ಒಂದು ದಿನದ ಹೂವು. ನೀರಿಗಿಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ, ಕತ್ತಲಾಗುವ ಹೊತ್ತಿಗೆ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಅಷ್ಟರೊಳಗೆ ನಿಮ್ಮ ಚಿತ್ರ ಮುಗಿದಿರಬೇಕು.

ಆದ್ದರಿಂದ ಹಲವು ಹೂಗಳಿರುವ ಹೂದಾನಿಯಲ್ಲಿ ಬೇಗ ಬಾಡುವುದಕ್ಕೆ ಮೊದಲ ಮಣೆ. ಮೊದಲು ದಾಸವಾಳ, ಆಮೇಲೆ ಗುಲಾಬಿ, ಕೊನೆಗೆ ಸೇವಂತಿಗೆ. ಲೋಟ, ಹೂದಾನಿ, ಮೇಜಿನ ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ.

ಟ್ಯುಲಿಪ್ ಹೂವಂತೂ ಕತ್ತರಿಸಿ ನೀರಿಗಿಟ್ಟ ಮೇಲೂ ಬೆಳೆಯುತ್ತದೆ, ಬೆಳಕಿನ ಕಡೆಗೆ ಕತ್ತು ಹೊರಳಿಸುತ್ತದೆ. ನಿನ್ನೆ ಹಾಕಿಟ್ಟ ಪೆನ್ಸಿಲ್ ಗೆರೆಗೂ ಇವತ್ತಿನ ಹೂವಿಗೂ ತಾಳೆಯಾಗುವುದಿಲ್ಲ.

ಹಳೆಯ ಡಚ್ ಚಿತ್ರಗಳಲ್ಲಿ ವಸಂತದ ಟ್ಯುಲಿಪ್ಪೂ ಬೇಸಿಗೆಯ ಗುಲಾಬಿಯೂ ಒಂದೇ ಹೂದಾನಿಯಲ್ಲಿ ನಗುತ್ತಿರುತ್ತವೆ. ಹಾಗೊಂದು ಹೂಗೊಂಚಲು ಆ ನಾಡಿನಲ್ಲಿ ಯಾರ ಮನೆಯಲ್ಲೂ ಇದ್ದಿರಲಾರದು. ಒಂದೊಂದು ಹೂವನ್ನೂ ಅದರದರ ಕಾಲದಲ್ಲಿ ಬಿಡಿಸಿಟ್ಟುಕೊಂಡು ಕೊನೆಗೆ ಒಟ್ಟು ಸೇರಿಸುತ್ತಿದ್ದರು. ಯಾನ್ ವಾನ್ ಹ್ಯೂಸಮ್ ಎಂಬ ಕಲಾವಿದನಿಗೆ ಹಾಗೆ ಬಿಡಿಸಿಟ್ಟ ಹೂವು ಸಾಲುತ್ತಿರಲಿಲ್ಲ, ಕಣ್ಣೆದುರು ನಿಜವಾದ ಹೂವೇ ಬೇಕಿತ್ತು. ಹಳದಿ ಗುಲಾಬಿ ಸಿಗದೆ ಚಿತ್ರ ಮುಂದಿನ ವರ್ಷದವರೆಗೆ ನಿಂತುಹೋಗಿದೆ ಎಂದು 1742ರಲ್ಲಿ ಗಿರಾಕಿಗೆ ಕಾಗದ ಬರೆದ. ಅವನದು ತೈಲವರ್ಣ, ಕಾದರೂ ನಡೆಯುತ್ತಿತ್ತು. ಜಲವರ್ಣದಲ್ಲಿ ಫೋನ್ ಬಂತೆಂದು ಎದ್ದು ಹೋದರೆ ಎಸಳಿನ ಅಂಚು ಒಣಗಿ ಗೆರೆ ಕಟ್ಟಿರುತ್ತದೆ.

ಹೂವಿನ ಜಲವರ್ಣ ಒಂದು ಕಾಲಕ್ಕೆ ಅಂಗಡಿಯ ಕ್ಯಾಟಲಾಗ್ ಆಗಿತ್ತು. 17ನೆಯ ಶತಮಾನದ ಹಾಲೆಂಡಿನಲ್ಲಿ ಟ್ಯುಲಿಪ್ ಗಡ್ಡೆಗಳ ಬೆಲೆ ಹುಚ್ಚಾಪಟ್ಟೆ ಏರಿ 1637ರ ಫೆಬ್ರುವರಿಯಲ್ಲಿ ದೊಪ್ಪನೆ ಬಿತ್ತು. ಗಡ್ಡೆ ನೋಡಿದರೆ ಈರುಳ್ಳಿ ಇದ್ದಂತೆ. ಅದರಲ್ಲಿ ಯಾವ ಬಣ್ಣ ಅಡಗಿದೆ ಎಂದು ಕೊಳ್ಳುವವನಿಗೆ ತಿಳಿಯಬೇಕಲ್ಲ! ಅದಕ್ಕೆಂದು ಒಂದು ಹಾಳೆಗೆ ಒಂದು ಹೂವಿನಂತೆ ಬಣ್ಣದಲ್ಲಿ ಬಿಡಿಸಿದ ‘ಟ್ಯುಲಿಪ್ ಪುಸ್ತಕ’ಗಳು ಹುಟ್ಟಿಕೊಂಡವು. ಯೂಡಿತ್ ಲೇಸ್ಟರ್‌ನಂಥ ಹೆಸರಾಂತ ಕಲಾವಿದೆಯೂ ಟ್ಯುಲಿಪ್ ಬಿಡಿಸಿದ್ದಾಳೆ. ತಮಾಷೆಯೆಂದರೆ, ಜನ ಬಾಯಿ ಬಾಯಿ ಬಿಟ್ಟು ಕೊಂಡ ಆ ಬೆಂಕಿನಾಲಿಗೆಯಂಥ ಗೆರೆಗಳು ಹೂವಿನ ಸ್ವಂತ ಚೆಲುವಲ್ಲ, ರೋಗ. ಗಿಡಹೇನು ಹರಡುವ ವೈರಸ್ಸಿನ ಕೆಲಸ ಅದು ಎಂಬುದು ಗೊತ್ತಾಗಿದ್ದು 20ನೆಯ ಶತಮಾನದಲ್ಲಿ.

ಬಣ್ಣವನ್ನು ನೊಣ ತಿಂದ ಕತೆ ಕೇಳಿದ್ದೀರಾ? ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ ಹಡಗಿನಲ್ಲಿ ಸಿಡ್ನಿ ಪಾರ್ಕಿನ್ಸನ್ ಎಂಬ ತರುಣ ಚಿತ್ರಕಾರನಿದ್ದ. ಹಡಗು ತಾಹಿತಿ ದ್ವೀಪ ಮುಟ್ಟಿದಾಗ ಅವನು ಹಾಳೆಗೆ ಬಣ್ಣ ಹಚ್ಚಿದಂತೆಲ್ಲ ನೊಣಗಳು ಮುತ್ತಿ ನೆಕ್ಕಿಬಿಡುತ್ತಿದ್ದವು ಎಂದು ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆಸ್ಟ್ರೇಲಿಯಾ ತೀರದಲ್ಲಿ ಗಿಡಗಳು ರಾಶಿ ಬಿದ್ದವು, ಬಾಡುವ ಮುನ್ನ ಎಲ್ಲವನ್ನೂ ಬಣ್ಣದಲ್ಲಿ ಮುಗಿಸುವುದು ಆಗದ ಮಾತು. ಪಾರ್ಕಿನ್ಸನ್ ಗೆರೆ ಹಾಕಿ, ಒಂದು ಎಲೆಗೂ ಒಂದು ಎಸಳಿಗೂ ಬಣ್ಣ ತುಂಬಿ, ಉಳಿದದ್ದನ್ನು ಊರಿಗೆ ಹೋದ ಮೇಲೆ ಮುಗಿಸೋಣ ಎಂದು ಟಿಪ್ಪಣಿ ಬರೆದಿಟ್ಟ. ಊರು ಸೇರಲಿಲ್ಲ. 1771ರಲ್ಲಿ ಹಿಂದಿರುಗುವ ದಾರಿಯಲ್ಲೇ ಕಾಯಿಲೆ ಬಿದ್ದು ತೀರಿಕೊಂಡ, ಮೂವತ್ತು ಕೂಡ ದಾಟಿರಲಿಲ್ಲ. ಬ್ಯಾಂಕ್ಸ್ ಬೇರೆ ಕಲಾವಿದರಿಂದ ಚಿತ್ರಗಳನ್ನು ಪೂರ್ತಿ ಮಾಡಿಸಿ ತಾಮ್ರದ ಫಲಕಗಳನ್ನೂ ಕೆತ್ತಿಸಿದ, ಪುಸ್ತಕ ಮಾತ್ರ ತರಲಿಲ್ಲ. ಆ 743 ಫಲಕಗಳು ಪೂರ್ತಿ ಬಣ್ಣದಲ್ಲಿ ಅಚ್ಚಾದದ್ದು 1980ರಿಂದ 1990ರ ನಡುವೆ. ಹೂವು ಬಾಡಿ ಇನ್ನೂರು ವರ್ಷ ಕಳೆದಿತ್ತು.

ಫರ್ಡಿನಾಂಡ್ ಬಾವರ್ ಎಂಬ ಸಸ್ಯಚಿತ್ರಕಾರ ಇದಕ್ಕೆ ಇನ್ನೂ ಚುರುಕಾದ ಉಪಾಯ ಹೂಡಿದ. ಪ್ರತಿ ಬಣ್ಣದ ಛಾಯೆಗೂ ಒಂದು ಅಂಕಿ. ಕಾಡಿನಲ್ಲಿ ನಿಂತು ಪೆನ್ಸಿಲ್ಲಿನಲ್ಲಿ ಎಸಳು ಬರೆದು ಅದರ ಮೇಲೆ ಅಂಕಿ ಹಾಕುವುದು, ವರ್ಷಗಳ ನಂತರ ಅಂಕಿ ನೋಡಿ ಬಣ್ಣ ತುಂಬುವುದು. ಹೂವು ಒಣಗಿ ಹೋದರೂ ಅದರ ಕೆಂಪು ಅವನ ಲೆಕ್ಕದಲ್ಲಿ ಜಮಾ ಆಗಿರುತ್ತಿತ್ತು. ನಾವು ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳುತ್ತೇವೆ, ಅದರಲ್ಲಿ ಕೆಂಪು ದಾಸವಾಳ ಬರೀ ಕುಂಕುಮದ ಮುದ್ದೆಯಾಗಿ ಬರುತ್ತದೆ.

ನಮ್ಮ ಕಡೆಯ ಮಾತಿಗೆ ಬರೋಣ. 1620ರಲ್ಲಿ ಕಾಶ್ಮೀರದ ವಸಂತ ನೋಡಿ ಮರುಳಾದ ಮೊಘಲ್ ದೊರೆ ಜಹಾಂಗೀರ್, ತನ್ನ ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ ಹೂಗಳು ನೂರು ದಾಟಿದವು ಎಂದು ಬರೆದಿಟ್ಟ. ಅವುಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅದೂ ನೀರಿನಲ್ಲಿ ಕಲಸಿದ ಬಣ್ಣವೇ, ಆದರೆ ಬಿಳಿ ಬೆರೆಸಿ ಗಟ್ಟಿಯಾಗಿ ಹಚ್ಚಿದ್ದು, ತೆಳುವಾಗಿ ಹರಿಯಬಿಟ್ಟದ್ದಲ್ಲ.

ಶಿವಮೊಗ್ಗದ ಗಿಡಗಳ ಚಿತ್ರಗಳು ಎಡಿನ್‌ಬರೊದಲ್ಲಿವೆ! 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ದಿನಕ್ಕೊಂದು ಗಿಡ ಎಂಬ ನೇಮ ಇಟ್ಟುಕೊಂಡು ಒಬ್ಬ ಮರಾಠಿ ಚಿತ್ರಕಾರನಿಂದ ಬರೆಸುತ್ತಿದ್ದ. ಆ ಸಂಗ್ರಹ ಈಗ ಅಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿದೆ. ಮದ್ರಾಸ್ ಕಡೆ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ನಿಗಾಗಿ ರಂಗಯ್ಯ, ಗೋವಿಂದು ಎಂಬ ತೆಲುಗು ಕಲಾವಿದರು ಬಿಡಿಸುತ್ತಿದ್ದರು. ವೈಟ್ ಒಂದು ಆರ್ಕಿಡ್ ಕುಲಕ್ಕೆ ‘ಗೋವಿಂದೂಯಾ’ ಎಂದೇ ಹೆಸರಿಟ್ಟ. ಆ ಕುಲ ಈಗ ಬೇರೊಂದರಲ್ಲಿ ಸೇರಿಹೋಗಿದೆ, ಅದು ಬೇರೆ ಮಾತು. ಚಿತ್ರ ಬಿಡಿಸಿದವನ ಹೆಸರು ಗಿಡಕ್ಕೆ ಅಂಟಿದ್ದೇ ಆ ಕಾಲಕ್ಕೆ ದೊಡ್ಡ ಸಂಗತಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಅವರು ಬಿಡಿಸಿದ ಗಿಡ-ಹೂಗಳ ಜಲವರ್ಣಗಳಿವೆ. ಫಲಪುಷ್ಪ ಪ್ರದರ್ಶನಕ್ಕೆ ನೂಕುನುಗ್ಗಲಿನಲ್ಲಿ ಹೋಗಿ ಬರುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು?

ಅಂಟಿನ ಉಂಡೆ ತಿಂದವರಿಗೆ ಜಲವರ್ಣದ ಅರ್ಧ ಗುಟ್ಟು ಗೊತ್ತಿದ್ದಂತೆ. ಬಣ್ಣದ ಪುಡಿಯನ್ನು ಹಾಳೆಗೆ ಹಿಡಿದಿಡುವುದು ‘ಗಮ್ ಅರಾಬಿಕ್’, ಜಾಲಿ ಜಾತಿಯ ಮರದಿಂದ ಒಸರುವ ಅಂಟು. ಹೆಚ್ಚು ಬರುವುದು ಸುಡಾನಿನಿಂದ. ಬಾಣಂತಿಯರ ಉಂಡೆಗೆ ತುಪ್ಪದಲ್ಲಿ ಅರಳಿಸಿ ಹಾಕುತ್ತಾರಲ್ಲ, ಆ ಅಂಟಿಗೆ ಇದು ಹತ್ತಿರದ ನೆಂಟ. ಬಣ್ಣ ಒಣಗಿ ಬಿರುಕು ಬಿಡದಿರಲೆಂದು ಗ್ಲಿಸರಿನ್ನನ್ನೋ ಜೇನುತುಪ್ಪವನ್ನೋ ಸೇರಿಸುವುದುಂಟು. ಜೇನು ಸೇರಿಸಿದ ಬಣ್ಣ ತಂದು, ಪ್ಯಾಲೆಟ್ ಮುಚ್ಚದೆ ಮಲಗಿದ್ದೆ. ಬೆಳಗ್ಗೆ ನೋಡಿದರೆ ಹಳದಿಯಿಂದ ಕಿಟಕಿಯವರೆಗೆ ಇರುವೆ ಸಾಲು! ತಾಹಿತಿಯ ನೊಣಗಳ ಮೇಲೆ ನನಗೆ ಅಲ್ಲಿಂದೀಚೆಗೆ ಸಿಟ್ಟಿಲ್ಲ.

ಬಿಲ್ಲೆಯ ಆಕಾರದ ಬಣ್ಣ ಬಂದದ್ದು 1780ರ ಸುಮಾರಿಗೆ, ಲಂಡನ್ನಿನ ವಿಲಿಯಂ ರೀವ್ಸ್‌ನಿಂದ. ಅದಕ್ಕೂ ಮೊದಲು ಕಲಾವಿದನೇ ಕೂತು ಅರೆಯಬೇಕಿತ್ತು. ಶಾಲೆಯಲ್ಲಿ ನಾವು ಉಗುಳು ಹಚ್ಚಿ ಉಜ್ಜುತ್ತಿದ್ದ ಬಣ್ಣದ ಬಿಲ್ಲೆಯ ಮುತ್ತಾತ ಅದೇ.

ಉಗುಳು ಎಂದಾಗ ನೆನಪಾಯಿತು: ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಚಟ ಬಿಡಿ. 1775ರಲ್ಲಿ ಹುಟ್ಟಿದ ‘ಷೀಲೆ ಹಸಿರು’ ಆರ್ಸೆನಿಕ್ ವಿಷದಿಂದ ಮಾಡಿದ ಬಣ್ಣ. ಈಗ ಅದು ಇಲ್ಲವಾದರೂ ಕ್ಯಾಡ್ಮಿಯಂ ಇದೆ.

ಎಲೆಗೆ ಹಚ್ಚುವ ‘ಹೂಕರ್ಸ್ ಗ್ರೀನ್’ ಯಾವ ಹೂಕರ್‌ನದು? ಕ್ಯೂ ಉದ್ಯಾನದ ನಿರ್ದೇಶಕ ವಿಲಿಯಂ ಹೂಕರ್‌ನದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದೇ ಹೆಸರಿನ ಇನ್ನೊಬ್ಬ, ಹಣ್ಣು-ಹೂಗಳನ್ನು ಬಿಡಿಸುತ್ತಿದ್ದ ಚಿತ್ರಕಾರ. ಪ್ರಷ್ಯನ್ ನೀಲಿಗೆ ಗ್ಯಾಂಬೋಜ್ ಹಳದಿ ಬೆರೆಸಿ ಅವನು ಆ ಹಸಿರು ಮಾಡಿಕೊಂಡ. ಇವತ್ತು ಟ್ಯೂಬಿನಲ್ಲಿ ಸಿದ್ಧವಾಗಿ ಸಿಗುತ್ತದೆ, ಹಾಗೇ ಹಚ್ಚಿದರೆ ಎಲೆಗಳೆಲ್ಲ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತವೆ. ಹೂವಿಗೆ ಬಳಸಿದ ಕೆಂಪನ್ನೇ ಚೂರು ಬೆರೆಸಿ ನೋಡಿ, ಎಲೆಗೂ ಹೂವಿಗೂ ಒಂದೇ ಗಿಡದ ಸಂಬಂಧ ಬರುತ್ತದೆ.

ಗ್ಯಾಂಬೋಜ್ ಎಂಬ ಹೆಸರು ಬಂದದ್ದು ಕಾಂಬೋಡಿಯಾ ದೇಶದಿಂದ. ಅದು ಗಾರ್ಸಿನಿಯಾ ಜಾತಿಯ ಮರದ ಹಾಲು. ನಮ್ಮ ಮಲೆನಾಡಿನ ಅರಿಸಿನಗುರಗಿಯೂ ಅದೇ ಕುಲ, ಮುರುಗಲು, ಉಪ್ಪಾಗೆಗಳ ದಾಯಾದಿ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸುವ ಉಬ್ಬುಕೆಲಸದ ಗಾರೆಗೂ ಈ ಹಳದಿಯನ್ನು ಸೇರಿಸುತ್ತಿದ್ದರು. ಹೊಟ್ಟೆಗೆ ಹೋದರೆ ಭಾರೀ ಭೇದಿ, ಬಿಸಿಲಿಗೆ ಇಟ್ಟರೆ ಮಾಸುತ್ತದೆ.

ಇನ್ನೊಂದು ಹಳದಿಯ ಕತೆ ಇದಕ್ಕಿಂತ ವಿಚಿತ್ರ. ‘ಇಂಡಿಯನ್ ಯೆಲ್ಲೋ’ ಎಂದು ಯೂರೋಪಿನ ಚಿತ್ರಕಾರರು ಮುಗಿಬಿದ್ದು ಕೊಳ್ಳುತ್ತಿದ್ದ ಬಣ್ಣ ‘ಪ್ಯೂರಿ’ ಉಂಡೆಯ ರೂಪದಲ್ಲಿ ಇಲ್ಲಿಂದ ಹೋಗುತ್ತಿತ್ತು. ಅದನ್ನು ಮಾಡುವುದು ಹೇಗೆಂದು ತಿಳಿಯಲು ತ್ರೈಲೋಕ್ಯನಾಥ ಮುಖರ್ಜಿ ಎಂಬುವರು ಬಿಹಾರದ ಮುಂಗೇರ್ ಬಳಿಯ ಮಿರ್ಜಾಪುರ ಎಂಬ ಹಳ್ಳಿಗೆ ಹೋದರು. ಅಲ್ಲಿನ ಗೌಳಿಗರು ದನಗಳಿಗೆ ಮಾವಿನ ಎಲೆಯನ್ನೇ ತಿನ್ನಿಸಿ, ಗಂಜಲ ಹಿಡಿದು ಕಾಯಿಸಿ, ತಳದಲ್ಲಿ ಉಳಿದ ಹಳದಿಯನ್ನು ಉಂಡೆ ಕಟ್ಟುತ್ತಿದ್ದರು ಎಂದು 1883ರಲ್ಲಿ ವರದಿ ಬರೆದರು. ಬೇರೆ ಸಾಕ್ಷಿ ಸಿಗದ್ದರಿಂದ ಇದೆಲ್ಲ ಕಟ್ಟುಕತೆ ಎಂದು ಮೂಗು ಮುರಿದವರಿದ್ದರು. ಇತ್ತೀಚಿನ ರಾಸಾಯನಿಕ ಪರೀಕ್ಷೆಗಳು ಮುಖರ್ಜಿಯವರ ಪರವಾಗಿವೆ. ಬಣ್ಣ ಮಾರುಕಟ್ಟೆಯಿಂದ ಮರೆಯಾಗಿ ನೂರು ವರ್ಷ ಮೀರಿತು. ಈಗ ಟ್ಯೂಬಿನ ಮೇಲೆ ಆ ಹೆಸರಿದ್ದರೆ ಅದು ಬರೀ ಹೆಸರು.

ಬಿಳಿ ಪಂಚೆಗೆ ಹಾಕುವ ಪುಡಿ ನೀಲಿಯೂ ಚಿತ್ರಕಾರನ ಅಲ್ಟ್ರಾಮರೀನ್ ನೀಲಿಯೂ ಒಂದೇ ಪದಾರ್ಥ. ಹಿಂದೆ ಅಫ್ಘಾನಿಸ್ತಾನದ ಬದಖ್‌ಷಾನಿನ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು, ಚಿನ್ನದ ಬೆಲೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೃತಕವಾಗಿ ಮಾಡಿದ ಮೇಲೆ ಅಗಸರ ಬಕೆಟ್ಟಿಗೂ ಇಳಿಯಿತು. ಈ ನೀಲಿಯ ಕಣಗಳು ಹಾಳೆಯ ತಗ್ಗುಗಳಲ್ಲಿ ಕೂತು ಮರಳು ಮರಳಾಗಿ ಕಾಣುತ್ತವೆ. ಪಂಚೆಯನ್ನು ಬೆಳ್ಳಗೆ ತೋರಿಸುವ ಬಣ್ಣವೇ ಬಿಳಿ ಹೂವನ್ನೂ ಬೆಳ್ಳಗೆ ತೋರಿಸುತ್ತದೆ.

ಇದೇ ನಂಬಲಿಕ್ಕಾಗದ ಸಂಗತಿ: ಜಲವರ್ಣದಲ್ಲಿ ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚುವುದಿಲ್ಲ. ಬಿಳಿ ಎಂದರೆ ಹಾಳೆಯೇ. ನಮ್ಮ ಡ್ರಾಯಿಂಗ್ ಮೇಷ್ಟ್ರು ಮಲ್ಲಿಗೆಗೆ ಬಿಳಿ ಟ್ಯೂಬು ಹಿಂಡಿಸುತ್ತಿದ್ದರು. ಒಣಗಿದ ಮೇಲೆ ಅದು ಸುಣ್ಣ ಬಳಿದ ಗೋಡೆ. ಒಂದು ನಂದಿಬಟ್ಟಲು ತೆಗೆದುಕೊಳ್ಳಿ. ಐದು ಎಸಳು, ಗಿರಿಗಿಟ್ಲೆಯಂತೆ ಒಂದೇ ಕಡೆಗೆ ತಿರುಚಿದವು. ಸ್ಟೀಲ್ ಲೋಟದಲ್ಲಿಟ್ಟು ಕಿಟಕಿಯ ಪಕ್ಕ ಕೂರಿಸಿ, ಕಣ್ಣು ಅರೆಮುಚ್ಚಿ ನೋಡಿ: ಬಿಳಿ ಎಂದುಕೊಂಡ ಹೂವಿನಲ್ಲಿ ಅಪ್ಪಟ ಬಿಳಿ ಬೆಳಕು ಬಿದ್ದ ಎರಡು ಎಸಳಲ್ಲಿ ಮಾತ್ರ. ಉಳಿದದ್ದರಲ್ಲಿ ಹಿಂದಿನ ಎಲೆಯ ಹಸಿರು ಬಡಿದಿದೆ, ಕೆಳಗಿನ ಎಸಳಿಗೆ ತಿಳಿನೀಲಿ ನೆರಳು, ನಡುವಿನ ಕೊಳವೆಯಲ್ಲಿ ನಿಂಬೆಯ ಹಳದಿ. ಮೊದಲು ಹೂವನ್ನು ಮುಟ್ಟಲೇ ಬೇಡಿ. ಅದರ ಹಿಂದಿನ ಕಪ್ಪು-ಹಸಿರನ್ನು ಎಸಳಿನ ಅಂಚಿಗೆ ತಂದು ನಿಲ್ಲಿಸಿ. ಹೂವು ತಾನಾಗಿ ಎದ್ದು ನಿಲ್ಲುತ್ತದೆ. ಆಮೇಲೆ ನೆರಳಿನ ಎಸಳಿಗೆ ಬರೀ ನೀರು ಬಳಿದು, ಒಂದು ಮೂಲೆಗೆ ಅಲ್ಟ್ರಾಮರೀನಿನ ತುದಿ ತಾಗಿಸಿ. ಅದು ಹರಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಹಾಳೆಯನ್ನು ಓರೆ ಮಾಡಿ. ಲೋಟ ಬಿಡಿಸುವ ಹೊತ್ತಿಗೆ ಅದರ ಹೊಟ್ಟೆಯಲ್ಲಿ ನಿಮ್ಮ ಕಿಟಕಿ, ನಿಮ್ಮ ಅಂಗಿ, ಉದ್ದಕ್ಕೆ ಎಳೆದ ನಿಮ್ಮದೇ ಮೂತಿ ಕಾಣುತ್ತದೆ. ಅದನ್ನೂ ಬಿಡಿಸಿ.

ಸಣ್ಣ ಬಿಳಿ ಕೇಸರಗಳನ್ನು ಉಳಿಸಲು ಹಚ್ಚುವ ‘ಮಾಸ್ಕಿಂಗ್ ಫ್ಲೂಯಿಡ್’ ರಬ್ಬರ್ ಹಾಲಿನಿಂದ ಮಾಡಿದ್ದು. ಒಳ್ಳೆಯ ಕುಂಚ ಅದರಲ್ಲಿ ಅದ್ದಿದರೆ ಆ ಕುಂಚದ ಕತೆ ಮುಗಿಯಿತು. ದುಡ್ಡು ಖರ್ಚಿಲ್ಲದ ದಾರಿ: ಮೇಣದಬತ್ತಿಯ ಚೂರಿನಿಂದ ಗೀಚಿ ಅದರ ಮೇಲೆ ಬಣ್ಣ ಹರಿಸುವುದು.

ಎಸಳಿನ ಬಣ್ಣ ಒಣಗಿದಾಗ ಅಂಚಿನಲ್ಲಿ ಗಾಢ ಗೆರೆ ಏಕೆ ಮೂಡುತ್ತದೆ? ಮೇಜಿನ ಮೇಲೆ ಬಿದ್ದ ಕಾಫಿ ಹನಿ ಒಣಗಿದಾಗ ಬಳೆಯಂಥ ಕಲೆ ಉಳಿಯುತ್ತದಲ್ಲ, ಅದೇ ಕಾರಣಕ್ಕೆ. ಹನಿಯ ಅಂಚು ಬೇಗ ಆರುತ್ತದೆ. ಅಲ್ಲಿ ಕಳೆದ ನೀರನ್ನು ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಹೊತ್ತೊಯ್ದು ಅಂಚಿಗೆ ಸುರಿಯುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಚಿತ್ರಕಾರರು ಅದಕ್ಕೂ ಎಷ್ಟೋ ಮೊದಲೇ ಆ ಗೆರೆಯನ್ನು ಎಸಳಿನ ಅಂಚಾಗಿ ದುಡಿಸಿಕೊಂಡಿದ್ದರು. ಅರೆ ಒಣಗಿದ ಬಣ್ಣದ ಮೇಲೆ ನೀರಿನ ಹನಿ ಬಿದ್ದರೆ ಮೂಡುವ ಗುಂಗುರು ಕಲೆಗೆ ‘ಕಾಲಿಫ್ಲವರ್’ ಎಂದೇ ಹೆಸರು. ಹೂವಿನ ಚಿತ್ರದಲ್ಲಿ ಕರೆಯದೆ ಬರುವ ಹೂಕೋಸು!

ಹಸಿ ಬಣ್ಣದ ಮೇಲೆ ಕಲ್ಲುಪ್ಪು ಚೆಲ್ಲಿ. ಒಣಗಿದ ಮೇಲೆ ಉದುರಿಸಿದರೆ ನಕ್ಷತ್ರದಂಥ ಬಿಳಿ ಚುಕ್ಕಿಗಳು. ಒಂದು ಚಿತ್ರಕ್ಕೆ ಸಾಕು. ಪ್ರತಿ ಚಿತ್ರಕ್ಕೂ ಹಾಕಿದರೆ ಉಪ್ಪಿನಕಾಯಿ.

ಹಾಳೆಯ ವಿಚಾರದಲ್ಲಿ ಜಿಪುಣತನ ನಡೆಯುವುದಿಲ್ಲ. ಶಾಲೆಯ ಡ್ರಾಯಿಂಗ್ ಹಾಳೆ ನೀರು ಕಂಡ ಕೂಡಲೇ ಹಪ್ಪಳದಂತೆ ಉಬ್ಬುತ್ತದೆ. ಹತ್ತಿಯಿಂದ ಮಾಡಿದ, ಚದರ ಮೀಟರಿಗೆ 300 ಗ್ರಾಂ ತೂಗುವ ಹಾಳೆಯಲ್ಲಿ ಬಣ್ಣ ಎತ್ತಬಹುದು, ತೊಳೆಯಬಹುದು, ತಪ್ಪು ತಿದ್ದಬಹುದು. ಅದರ ಮೈಗೆ ಹಚ್ಚುವ ಜೆಲಟಿನ್ ಸರಿ ಇರದಿದ್ದರೆ ಬಣ್ಣ ಒತ್ತುಕಾಗದಕ್ಕೆ ಬಿದ್ದ ಶಾಯಿಯಂತೆ ಇಂಗಿಹೋಗುತ್ತದೆ. ಫ್ರಾನ್ಸಿನ ಆರ್ಶ್ ಗಿರಣಿ 1492ರಿಂದ ಕಾಗದ ಮಾಡುತ್ತಿದೆ. ಅಷ್ಟು ದೂರ ಯಾಕೆ, ಉತ್ತರ ಕರ್ನಾಟಕದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಮಾಡಿದ ಹಾಳೆ ಇಂಗ್ಲೆಂಡಿನ ಕಲಾವಿದರ ಮೇಜು ಸೇರುತ್ತದೆ.

ಊರಿನ ಹವೆಯೂ ಚಿತ್ರ ಬಿಡಿಸುತ್ತದೆ. ಆಷಾಢದ ಉಡುಪಿಯಲ್ಲಿ ಒಂದು ಎಸಳು ಆರುವಷ್ಟರಲ್ಲಿ ಎರಡು ಸಲ ಚಹಾ ಕುಡಿದು ಬರಬಹುದು. ಏಪ್ರಿಲ್ಲಿನ ವಿಜಯಪುರದಲ್ಲಿ ಕುಂಚ ಹಾಳೆಯಿಂದ ಎತ್ತುವುದರೊಳಗೆ ಒಣಗಿರುತ್ತದೆ. ಪರದೇಶದ ಪುಸ್ತಕದಲ್ಲಿ ‘ಐದು ನಿಮಿಷ ಕಾಯಿರಿ’ ಎಂದಿದ್ದರೆ ಆ ಐದು ನಿಮಿಷ ಅವರ ಊರಿನದು.

ಸೈಬೀರಿಯಾದ ಕೊಲಿನ್ಸ್ಕಿ ಎಂಬ ಪ್ರಾಣಿಯ ಬಾಲದ ಕೂದಲಿನ ಕುಂಚಕ್ಕೆ ಸಾವಿರಾರು ರೂಪಾಯಿ. ನಮ್ಮ ಚಿಕಣಿ ಚಿತ್ರ ಕಲಾವಿದರದು ಅಳಿಲಿನ ಕೂದಲು. ಮುಂಗುಸಿ ಕೂದಲಿನ ಕುಂಚ ಮಾತ್ರ ನಮ್ಮ ದೇಶದಲ್ಲಿ ಅಪರಾಧ, ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಚೆನ್ನಾಗಿ ತುದಿ ಹಿಡಿಯುವ ನೈಲಾನ್ ಕುಂಚ ಎರಡಿದ್ದರೆ ಸಾಕು.

ಬಿಡಿಸುವ ಮುನ್ನ ಹೂವು ಯಾವುದೆಂದು ನೋಡಿಕೊಳ್ಳಿ. ಸೇವಂತಿಗೆ ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಜಾತ್ರೆ. ಬೋಗನ್‌ವಿಲ್ಲಾದಲ್ಲಿ ಬಣ್ಣ ಇರುವುದು ಎಲೆಗೆ, ಹೂವು ಒಳಗಿನ ಚಿಕ್ಕ ಬಿಳಿ ಕೊಳವೆ.

ಮೇರಿ ಡಿಲೇನಿ ಎಂಬ ಇಂಗ್ಲಿಷ್ ಮಹಿಳೆ ಎಪ್ಪತ್ತು ದಾಟಿದ ಮೇಲೆ ಹೂಗಳ ಕೆಲಸ ಶುರು ಮಾಡಿದಳು. ಬಣ್ಣದ ಕಾಗದವನ್ನು ಕತ್ತರಿಸಿ ಕಪ್ಪು ಹಾಳೆಗೆ ಅಂಟಿಸಿ, ಅಲ್ಲಲ್ಲಿ ಜಲವರ್ಣ ಮುಟ್ಟಿಸಿ, ಸಾವಿರಕ್ಕೆ ಹತ್ತಿರ ಹತ್ತಿರ ಹೂಗಳನ್ನು ಮಾಡಿದಳು. ಕಣ್ಣು ಮಂಜಾದಾಗ ನಿಲ್ಲಿಸಿದಳು. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಮ್ಯೂಸಿಯಂಗಳಲ್ಲಿ ಜಲವರ್ಣ ಇಟ್ಟ ಕೋಣೆ ಏಕೆ ಅಷ್ಟು ಮಬ್ಬು? ಅಲ್ಲಿ ಬೆಳಕು 50 ಲಕ್ಸ್ ಮೀರಬಾರದು ಎಂಬುದು ವಾಡಿಕೆ. ತೆಳು ಪದರದ ಬಣ್ಣವನ್ನು ಬೆಳಕೇ ತಿನ್ನುತ್ತದೆ. 1888ರಲ್ಲೇ ಬ್ರಿಟನ್ನಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಈ ಬಗ್ಗೆ ದೊಡ್ಡ ವರದಿಯನ್ನೇ ಕೊಟ್ಟರು. ಹೂವಿನ ಚಿತ್ರಕ್ಕೆ ಇದರ ಹೊಡೆತ ಜಾಸ್ತಿ. ಏಕೆಂದರೆ ಬೇಗ ಮಾಸುವುದು ಗುಲಾಬಿ, ಕೆಂಪುಗಳೇ. ‘ಅಲಿಝರಿನ್ ಕ್ರಿಮ್ಸನ್’ ನಂಬಿ ಕೆಟ್ಟವರು ಬಹಳ. ಕಣ್ಣು ಕುಕ್ಕುವ ‘ಒಪೆರಾ’ ಗುಲಾಬಿ ಇನ್ನೂ ದುರ್ಬಲ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿರುವ ವರ್ಣದ್ರವ್ಯದ ಸಂಕೇತ ಓದಿ, ಬರೀ ಕ್ವಿನಾಕ್ರಿಡೋನ್ ಇದ್ದರೆ ಹೆಚ್ಚು ದಿನ ಬಾಳುತ್ತದೆ.

ಯಾರ ಮಾತೂ ಬೇಡ, ನೀವೇ ನೋಡಬಹುದು. ನಿಮ್ಮ ಡಬ್ಬಿಯ ಎಲ್ಲ ಬಣ್ಣಗಳನ್ನೂ ಒಂದು ಉದ್ದ ಪಟ್ಟಿಯ ಮೇಲೆ ಅಡ್ಡಡ್ಡ ಬಳಿಯಿರಿ. ಒಣಗಿದ ಮೇಲೆ ಪಟ್ಟಿಯ ಅರ್ಧ ಭಾಗಕ್ಕೆ ಉದ್ದಕ್ಕೂ ಕಪ್ಪು ರಟ್ಟು ಕಟ್ಟಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ರಟ್ಟಿನ ಹಿಂದೆ ತಾರೀಖು ಬರೆದಿಡಿ. ಮುಂದಿನ ಯುಗಾದಿಗೆ ಮನೆ ಗುಡಿಸುವಾಗ ರಟ್ಟು ತೆಗೆದು ಎರಡೂ ಅರ್ಧಗಳನ್ನು ಹೋಲಿಸಿ ನೋಡಿ.